ಐದನೇ ತರಗತಿಯ ಉಕ್ತಲೇಖನ: ಒಂದು ಪ್ರಕರಣ ಅಧ್ಯಯನ

ಕಾಸರಗೋಡಿನಲ್ಲಿ ಮಗುವೊಂದು ಓದಿನಲ್ಲಿ ಹಿಂದೆ ಬಿದ್ದರೆ ಕಾರಣ ಹುಡುಕಿಕೊಂಡು ಯಾರೂ ದೂರ ಹೋಗುವುದಿಲ್ಲ. ಭಾಷೆ ಎಂಬ ಕಾರಣ ಅಂಗಳದಲ್ಲೇ ಸಿಗುತ್ತದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲೂ ಕಚೇರಿಯಲ್ಲೂ ಮಲಯಾಳ. ಕೆಲವು ಮನೆಗಳಲ್ಲಿ ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿದಂದಿನಿಂದ ಇಲ್ಲಿನ ಕನ್ನಡಿಗರ ಸಭೆ, ಸಮ್ಮೇಳನ, ಮನವಿ, ಧರಣಿಗಳೆಲ್ಲ ಹೆಚ್ಚಾಗಿ ಭಾಷೆಯ ಸುತ್ತಲೇ ನಡೆದಿವೆ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದ 1967ರ ಮಹಾಜನ ವರದಿ ಕಡತದಲ್ಲೇ ಉಳಿಯಿತು. ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸಿದಾಗ ಹೆತ್ತವರು ಪ್ರತಿಭಟನೆಗೆ ಇಳಿದದ್ದೂ ಉಂಟು. ಈ ದೂರುಗಳಲ್ಲಿ ಸುಳ್ಳೇನೂ ಇಲ್ಲ. ಆದರೆ ಇಷ್ಟು ಕಾಲದಿಂದ ಇಷ್ಟು ಗಟ್ಟಿಯಾಗಿ ನಿಂತ ಒಂದು ದೂರು, ಪಕ್ಕದಲ್ಲಿ ಬೇರೊಂದು ಕಾರಣ ಕುಳಿತಿದ್ದರೂ ಅದನ್ನು ಕಾಣಗೊಡುವುದಿಲ್ಲ. ಇಲ್ಲಿ ಹೇಳುವುದು ಅಂಥ ಒಂದು ಪ್ರಕರಣ, ಮತ್ತು ಆ ಇನ್ನೊಂದು ಕಾರಣವನ್ನು ಕಂಡ ಟೀಚರ ಕೆಲಸ.

ಶಿಕ್ಷಕರ ತರಬೇತಿಗಳಲ್ಲಿ ಇದನ್ನು ಬಾಯಿಮಾತಿನಲ್ಲಿ ಹೇಳುತ್ತ ಬಂದಿದ್ದೇನೆ. ಬರೆದುಕೊಡಿ ಎಂದು ಕೇಳಿದವರಿಗಾಗಿ ಈಗ ಬರೆಯುತ್ತಿದ್ದೇನೆ. ಟೀಚರ್, ಆ ವಿದ್ಯಾರ್ಥಿ, ಅವನ ತಾಯಿ ಮೂವರೂ ಮಾತಾಡಿದ್ದಾರೆ, ಬರೆಯಲು ಒಪ್ಪಿದ್ದಾರೆ. ಹೆಸರು, ಊರು, ಶಾಲೆಯ ಗುರುತು ಬಿಟ್ಟುಕೊಡುವುದಿಲ್ಲ.

ಹಿನ್ನೆಲೆ

ಜಿಲ್ಲೆಯ ಉತ್ತರ ಭಾಗದ ಒಂದು ಅನುದಾನಿತ ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆ. ಗುಡ್ಡದ ಇಳಿಜಾರಿನಲ್ಲಿ ಹಂಚಿನ ಹಳೆಯ ಕಟ್ಟಡ, ಅದಕ್ಕೆ ತಾಗಿ ಶೀಟು ಹೊದೆಸಿದ ಎರಡು ಕೋಣೆಗಳು. ಐದನೇ ತರಗತಿಯ ಕನ್ನಡ ಡಿವಿಷನ್ ಶೀಟಿನ ಕೋಣೆಯಲ್ಲಿತ್ತು. ಈ ಶೀಟಿನ ಮಾತು ಮುಂದೆ ಬೇಕಾಗುತ್ತದೆ.

ಹತ್ತು ಹನ್ನೆರಡು ವರ್ಷಗಳ ಹಿಂದೆ ಒಂದು ಜೂನ್ ತಿಂಗಳಲ್ಲಿ, ಹತ್ತಿರದ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯಲ್ಲಿ ನಾಲ್ಕನೆಯದು ಮುಗಿಸಿದ ಹುಡುಗನೊಬ್ಬ ಇಲ್ಲಿ ಐದಕ್ಕೆ ಸೇರಿದ. ತಂದೆ ಘಟ್ಟದ ಮೇಲಿನ ಕಾಫಿ ತೋಟದಲ್ಲಿ ಕೆಲಸಕ್ಕಿದ್ದರು. ಊರಿಗೆ ಬರುವುದು ಹಬ್ಬಕ್ಕೆ, ದೈವದ ಕೋಲಕ್ಕೆ. ತಾಯಿ ಬೀಡಿ ಕಟ್ಟುತ್ತಿದ್ದರು. ಮನೆಯಲ್ಲಿ ಅಜ್ಜಿ. ಪಕ್ಕದ ಮನೆಯಲ್ಲಿ ಆಟೋ ಓಡಿಸುವ ಸೋದರಮಾವ. ದೊಡ್ಡ ತೀರ್ಮಾನಗಳೆಲ್ಲ ಅವರವೇ. ಇದು ಟೀಚರಿಗೆ ತಿಳಿದದ್ದು ತಡವಾಗಿ.

ಹುಡುಗ ತಂಟೆ ಮಾಡುವವನಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದ. ಕಾಪಿ ಬರೆಯುವುದೆಂದರೆ ಅಕ್ಷರ ಮುತ್ತಿನಂತೆ. ಬಾಯಿಲೆಕ್ಕ ಬಾರದು, ಬೋರ್ಡಿನಲ್ಲಿ ಬರೆದುಕೊಟ್ಟ ಲೆಕ್ಕ ಬರುತ್ತದೆ. ಪ್ರಶ್ನೆ ಕೇಳಿದರೆ ಎದ್ದು ನಿಂತು ಸುಮ್ಮನಿರುತ್ತಿದ್ದ. ಎಲ್.ಪಿ. ಶಾಲೆಯಿಂದ ಬಂದ ಮಾತು, 'ಮನೆಭಾಷೆ ತುಳು, ಕನ್ನಡ ಗ್ರಹಿಕೆ ಕಡಿಮೆ' ಎಂದು. ಸ್ಟಾಫ್ ರೂಮಿನಲ್ಲೂ ಅದೇ ತೀರ್ಪು. ಆ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳ ಮನೆಭಾಷೆ ತುಳುವೇ ಆಗಿತ್ತು. ಹಾಗಿದ್ದರೆ ಇವನೊಬ್ಬನೇ ಏಕೆ ಹೀಗೆ ಎಂಬ ಪ್ರಶ್ನೆ ಯಾರ ಬಾಯಲ್ಲೂ ಬರಲಿಲ್ಲ. ತಂಟೆಕೋರನಾಗಿದ್ದರೆ ಬರುತ್ತಿತ್ತೋ ಏನೋ. ಸುಮ್ಮನಿರುವ ಮಗುವಿನ ಬಗ್ಗೆ ಶಾಲೆಗೆ ಅವಸರವಿರುವುದಿಲ್ಲ.

ಒಂದು ವಾಕ್ಯ

ಮಳೆಗಾಲದಲ್ಲೇ ಬರುವ ಓಣಂ ಪರೀಕ್ಷೆಯಲ್ಲಿ ಹುಡುಗ ತರಗತಿಗೇ ಕೊನೆಯವನಾದ. ರಜೆ ಮುಗಿದ ಮೇಲೆ ಟೀಚರ್ ಉಕ್ತಲೇಖನದ ಪುಸ್ತಕಗಳನ್ನು ಮನೆಗೆ ಒಯ್ದರು. ತಪ್ಪಿಗೆ ಗೆರೆ ಎಳೆದು ಅಂಕ ಹಾಕುವುದು ಎಲ್ಲರೂ ಮಾಡುವ ಕೆಲಸ. ಇವರು ತಪ್ಪುಗಳನ್ನು ಒಂದರ ಪಕ್ಕ ಒಂದು ಇಟ್ಟು ಓದಿದರು. ಈ ಪ್ರಕರಣದ ಮೊದಲ ತಿರುವು ಅಲ್ಲಿ.

ಅವರು ಹೇಳಿ ಬರೆಸಿದ ವಾಕ್ಯಗಳಲ್ಲಿ ಒಂದು ಹೀಗಿತ್ತು: 'ಭೂಮಿ ಹಸನಾಗದೆ ಧಾನ್ಯ ಬೆಳೆಯುವುದಿಲ್ಲ.'

ತುಳು ಮನೆಗಳ ಹಲವು ಮಕ್ಕಳು ಬರೆದದ್ದು: 'ಬೂಮಿ ಹಸನಾಗದೆ ದಾನ್ಯ ಬೆಳೆಯುವುದಿಲ್ಲ.' ಇದು ಗಡಿನಾಡಿನ ಟೀಚರುಗಳಿಗೆಲ್ಲ ಗೊತ್ತಿರುವ ತಪ್ಪು. ಮಹಾಪ್ರಾಣ ನಾಲಿಗೆಯಲ್ಲಿ ಇಲ್ಲ, ಆದ್ದರಿಂದ ಪೆನ್ಸಿಲಿನಲ್ಲೂ ಇಲ್ಲ. ಸ್ವಂತವಾಗಿ ಬರೆದರೂ, ಕೇಳಿ ಬರೆದರೂ ಅದೇ ತಪ್ಪು ಬರುತ್ತದೆ. ವರ್ಷ ಕಳೆದಂತೆ ಓದಿನ ಬಲದಿಂದ ಸರಿಹೋಗುತ್ತದೆ.

ಈ ಹುಡುಗ ಬರೆದದ್ದು: 'ಭೂಮಿ ಹಸನಾಗಿ ಧಾನ್ಯ ಬೆಳೆಯುವುದು.'

ಭ ಸರಿ, ಧ ಸರಿ. ಭಾಷೆ ತೊಡಕಾಗಿದ್ದರೆ ತಪ್ಪಬೇಕಾಗಿದ್ದ ಎರಡು ಅಕ್ಷರಗಳೂ ಸರಿಯಾಗಿವೆ. ತಪ್ಪಿರುವುದು ಪದಗಳ ಬಾಲ. ಕನ್ನಡದಲ್ಲಿ ಅರ್ಥದ ಕೀಲು ಇರುವುದು ಬಾಲದಲ್ಲೇ: ವಿಭಕ್ತಿ ಅಲ್ಲಿ, ಕಾಲ ಅಲ್ಲಿ, ನಿಷೇಧವೂ ಅಲ್ಲಿ. ಹೇಳುವವರ ಉಸಿರು ಕುಗ್ಗುವುದೂ ವಾಕ್ಯದ ಕೊನೆಯಲ್ಲೇ. 'ಇಲ್ಲ' ಎಂಬುದು ಅವನನ್ನು ತಲುಪಿರಲಿಲ್ಲ. ತಲುಪದ ಜಾಗವನ್ನು ಅವನು ಖಾಲಿ ಬಿಡದೆ, ಅರ್ಥವಾಗುವಂಥ ಇನ್ನೊಂದು ವಾಕ್ಯ ಕಟ್ಟಿದ್ದ. ಕನ್ನಡ ಗ್ರಹಿಕೆ ಕಡಿಮೆಯಿರುವ ಮಗುವಿನಿಂದ ಆಗುವ ಕೆಲಸ ಅಲ್ಲ ಅದು. ವ್ಯಾಕರಣ ಗಟ್ಟಿಯಿದ್ದವನೇ ಹಾಗೆ ಊಹಿಸಿ ತುಂಬಬಲ್ಲ.

ಟೀಚರ್ ಮರುದಿನ ಅದೇ ವಾಕ್ಯವನ್ನು ಬೋರ್ಡಿನಲ್ಲಿ ಬರೆದು ಓದಿಸಿದರು. ಅವನು ಸಲೀಸಾಗಿ ಓದಿದ, ಅರ್ಥವನ್ನೂ ಹೇಳಿದ. ಆಮೇಲೆ ಅವರು ಹಳೆಯ ಪ್ರೋಗ್ರೆಸ್ ಕಾರ್ಡುಗಳನ್ನು ತರಿಸಿ ನೋಡಿದರು. ಮೂರನೆಯದರಲ್ಲೂ ನಾಲ್ಕನೆಯದರಲ್ಲೂ ಒಂದೇ ನಡೆ: ಓಣಂ ಪರೀಕ್ಷೆಯಲ್ಲಿ ತೀರ ಕಡಿಮೆ, ಕ್ರಿಸ್ಮಸ್ ಪರೀಕ್ಷೆಯಲ್ಲಿ ಸ್ವಲ್ಪ ಮೇಲೆ, ಮಾರ್ಚ್‌ನಲ್ಲಿ ಇನ್ನೂ ಮೇಲೆ. ಮತ್ತೆ ಜೂನ್ ಬಂದರೆ ಕುಸಿತ. ತಡವಾಗಿ ಕಲಿಯುವ ಮಗುವಿನ ಅಂಕ ಮಳೆಗಾಲ ನೋಡಿಕೊಂಡು ಇಳಿಯುವುದಿಲ್ಲ.

ಏನೇನು ಮಾಡಿ ನೋಡಿದರು

ಕಿವಿಯ ಸಂಶಯ ಬಂದ ಕೂಡಲೇ ಟೀಚರ್ ಮಾಡಿದ ಮೊದಲ ಕೆಲಸ ಫಲ ಕೊಡಲಿಲ್ಲ. ಹುಡುಗನನ್ನು ಮುಂದಿನ ಬೆಂಚಿಗೆ ತಂದರು. ಎರಡು ವಾರ ಕಳೆದರೂ ಏನೂ ಬದಲಾಗಲಿಲ್ಲ. ಒಂದೆರಡು ವಿಷಯಗಳಲ್ಲಿ ಇನ್ನೂ ಕೆಟ್ಟಿತು. ಕಾರಣ ಆಮೇಲೆ ತಿಳಿಯಿತು. ಅವನನ್ನು ಕೂರಿಸಿದ್ದು ಮುಂದಿನ ಸಾಲಿನ ಎಡತುದಿಯಲ್ಲಿ, ಕಿಟಕಿಯ ಪಕ್ಕ. ಅವನ ಒಳ್ಳೆಯ ಕಿವಿ ಎಡಗಿವಿ. ಅದು ಕಿಟಕಿಯ ಹೊರಗಿನ ಮಳೆಯನ್ನು ಕೇಳುತ್ತಿತ್ತು, ಕೆಟ್ಟ ಕಿವಿ ಟೀಚರ ಕಡೆಗಿತ್ತು. ಮುಂದಿನ ಬೆಂಚು ಎಂಬುದು ನಮ್ಮ ಶಾಲೆಗಳಲ್ಲಿ ಸರ್ವರೋಗಕ್ಕೂ ಮದ್ದು. ಯಾವ ತುದಿ ಎಂದು ಕೇಳುವವರು ಕಡಿಮೆ.

ಸಂಜೆ ಅರ್ಧ ಗಂಟೆ ಬೇರೆ ಪಾಠ ಮಾಡಿ ನೋಡಿದರು. ಇಬ್ಬರೇ ಇದ್ದಾಗ, ಶಾಲೆ ಖಾಲಿಯಾದ ಮೇಲೆ, ಅವನು ಎಲ್ಲವನ್ನೂ ಹಿಡಿಯುತ್ತಿದ್ದ. ಇದು ಸಂಶಯವನ್ನು ಬಲಪಡಿಸಿತು, ಆದರೆ ದಿನವಿಡೀ ಕಣ್ಣು ಕಿವಿ ಬಿಗಿಹಿಡಿದು ಕುಳಿತ ಮಗು ಸಂಜೆಯ ಹೊತ್ತಿಗೆ ಸೋತು ಹೋಗಿರುತ್ತಿತ್ತು. ಪಾಠ ನಿಲ್ಲಿಸಿದರು.

ಆಮೇಲಿನದು ಆಟ. ಆಟದ ಪಿರಿಯಡ್‌ನಲ್ಲಿ ಐದಾರು ಮಕ್ಕಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಒಂದು ಕಿವಿಗೆ ಕೈ ಒತ್ತಿಕೊಳ್ಳಲು ಹೇಳಿ, ಒಬ್ಬೊಬ್ಬರ ಹಿಂದೆ ಕೈಯಳತೆಯ ದೂರದಲ್ಲಿ ನಿಂತು ಪಿಸುದನಿಯಲ್ಲಿ ಒಂದು ಸಂಖ್ಯೆ ಹೇಳುವುದು. ಕೇಳಿದವರು ಅಷ್ಟು ಬೆರಳು ಎತ್ತಬೇಕು. ವೈದ್ಯರು ಬಳಸುವ ಪಿಸುಮಾತಿನ ಪರೀಕ್ಷೆಯೂ ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ. ಟೀಚರ್ ಅದನ್ನು ಎಲ್ಲಿಯೂ ಓದಿರಲಿಲ್ಲ, ಹೊಳೆದದ್ದನ್ನು ಮಾಡಿದರು. ಒಬ್ಬನನ್ನೇ ಪರೀಕ್ಷಿಸಿದರೆ ಹುಡುಗರು ಗೇಲಿ ಮಾಡುತ್ತಾರೆಂದು ಆಟ ಮಾಡಿದ್ದು. ಎಡಗಿವಿಯ ಸರದಿಯಲ್ಲಿ ಹುಡುಗನ ಬೆರಳುಗಳು ಸರಿಯಾಗಿ ಎದ್ದವು. ಬಲಗಿವಿಯ ಸರದಿಯಲ್ಲಿ ಅವನು ಪಕ್ಕದವರ ಕೈ ನೋಡಿ ಬೆರಳು ಎತ್ತಿದ, ಸಂಖ್ಯೆ ಪ್ರತಿಸಲ ತಪ್ಪಿತು.

ಮನೆಗೆ ಹೋದಾಗ ತಾಯಿ ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಬೀಡಿ ಕಟ್ಟುತ್ತಲೇ ಮಾತಾಡಿದರು. "ಕಿವಿ ಕೇಳುತ್ತದೆ ಟೀಚರೇ, ಒಳಗಿನಿಂದ ಕರೆದರೆ ಬರುತ್ತಾನೆ." ಅದು ಸುಳ್ಳಲ್ಲ. ಸದ್ದಿಲ್ಲದ ಮನೆಯಲ್ಲಿ, ಪರಿಚಿತ ದನಿಗೆ ಒಂದು ಕಿವಿ ಸಾಕು. ಕಿವಿ ಸೋರುತ್ತದೆಯೇ ಎಂದು ಕೇಳಿದಾಗ ಅಜ್ಜಿ ಉತ್ತರಿಸಿದರು: ಮಳೆಗಾಲದಲ್ಲಿ ಸೋರುತ್ತದೆ, ಸಣ್ಣಂದಿನಿಂದಲೂ ಹಾಗೆ, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟರೆ ನಿಲ್ಲುತ್ತದೆ. ದೈವಕ್ಕೆ ಹರಕೆಯೂ ಇತ್ತು. ಟೀಚರ್ ಹರಕೆಯ ತಂಟೆಗೆ ಹೋಗಲಿಲ್ಲ. ಎಣ್ಣೆ ಮಾತ್ರ ಬೇಡ ಎಂದು ಕೈಮುಗಿದು ಹೇಳಿದರು. ಕಿವಿಯ ತಮಟೆಯಲ್ಲಿ ತೂತು ಇದ್ದರೆ ಎಣ್ಣೆ ನೇರ ಮಧ್ಯಕಿವಿಗೆ ಇಳಿಯುತ್ತದೆ, ಸೋಂಕಿಗೆ ದಾರಿಯಾಗುತ್ತದೆ.

ಆಸ್ಪತ್ರೆಗೆ ಹೋಗಿ ಎಂದು ಚೀಟಿ ಬರೆದುಕೊಟ್ಟರು. ಚೀಟಿ ಕ್ಯಾಲೆಂಡರಿನ ಹಿಂದೆ ಹೋಯಿತು. ತಾಯಿಗೆ ಆಸಕ್ತಿಯಿಲ್ಲವೆಂದು ಟೀಚರ್ ಮೊದಲು ಅಂದುಕೊಂಡರು. ವಿಷಯ ಅದಲ್ಲ. ಆಸ್ಪತ್ರೆಗೆ ಒಂದು ದಿನ ಹೋದರೆ ಆ ದಿನದ ಬೀಡಿ ಇಲ್ಲ, ಬೀಡಿ ಕಂಪೆನಿಯ ಬ್ರಾಂಚಿಗೆ ಲೆಕ್ಕ ಕೊಡಲಾಗುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಅಣ್ಣನ ಒಪ್ಪಿಗೆಯಿಲ್ಲದೆ ಆಕೆ ಹೆಜ್ಜೆ ಇಡುವಂತಿರಲಿಲ್ಲ.

ಟಿ.ಸಿ.

ವಾರ್ಷಿಕ ಪರೀಕ್ಷೆ ಮುಗಿದು ಮೇ ತಿಂಗಳಲ್ಲಿ ಸೋದರಮಾವ ಶಾಲೆಗೆ ಬಂದರು. ಹುಡುಗನನ್ನು ಪೇಟೆಯ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಬೇಕು, ಟಿ.ಸಿ. ಕೊಡಿ ಎಂದರು. ಕನ್ನಡ ತಲೆಗೆ ಹತ್ತದ ಮೇಲೆ ಇಲ್ಲಿಟ್ಟು ಏನು ಪ್ರಯೋಜನ ಎಂಬುದು ಅವರ ವಾದ. ಶಾಲೆಯೇ ನಾಲ್ಕು ವರ್ಷ ಹೇಳುತ್ತ ಬಂದ ಕಾರಣವನ್ನು ಅವರು ನಂಬಿದ್ದರು, ಅಷ್ಟೇ.

ಇಲ್ಲಿ ಹೊರಗಿನವರಿಗೆ ಒಂದು ವಿವರ ಹೇಳಬೇಕು. ಕೇರಳದಲ್ಲಿ ಜೂನ್‌ನಲ್ಲಿ ಶಾಲೆ ತೆರೆದ ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ಆ ಲೆಕ್ಕದ ಮೇಲೆ ಡಿವಿಷನ್ ಎಷ್ಟು, ಶಿಕ್ಷಕರು ಎಷ್ಟು ಎಂಬುದು ನಿಂತಿದೆ. ಎಣಿಕೆ ಕಡಿಮೆಯಾದರೆ ಡಿವಿಷನ್ ಹೋಗುತ್ತದೆ, ಒಬ್ಬರ ಹುದ್ದೆಗೆ ಕುತ್ತು ಬರುತ್ತದೆ. ಕನ್ನಡ ಡಿವಿಷನ್‌ಗಳು ಕರಗುತ್ತಿರುವ ನಾಡಿನಲ್ಲಿ ಒಂದು ತಲೆಯೂ ದೊಡ್ಡದೇ. ಈ ಶಾಲೆಯಲ್ಲಿ ಆ ವರ್ಷ ಎಣಿಕೆ ಅಂಚಿನಲ್ಲಿತ್ತು. ಡಿವಿಷನ್ ಹೋದರೆ ತೊಂದರೆಗೆ ಸಿಲುಕುವವರು ಹೊಸದಾಗಿ ಸೇರಿದ ಒಬ್ಬ ಮಾಸ್ಟ್ರು. ಮಾವನಿಗೂ ಇದೆಲ್ಲ ತಿಳಿದಿತ್ತು. ಟೀಚರ್ ಕಿವಿಯ ಮಾತು ತೆಗೆದಾಗ ಅವರು ನೇರವಾಗಿಯೇ ಕೇಳಿದರು: "ನಿಮಗೆ ಬೇಕಾದದ್ದು ನಮ್ಮ ಹುಡುಗನೋ, ಎಣಿಕೆಗೆ ಒಂದು ತಲೆಯೋ?"

ಪ್ರಶ್ನೆ ಒರಟು, ಆದರೆ ನ್ಯಾಯದ್ದೇ. ಕಾಳಜಿಯ ಮಾತಿನ ಹಿಂದೆ ಶಾಲೆಯ ಲಾಭವೂ ಇದ್ದಾಗ ಕೇಳುವವರು ಏಕೆ ನಂಬಬೇಕು?

ಟೀಚರ್ ಕನ್ನಡದ ಅಭಿಮಾನದ ಮಾತು ತೆಗೆಯಲಿಲ್ಲ, ಇನ್ನೊಂದು ವರ್ಷ ನೋಡೋಣ ಎಂದು ಗೋಗರೆಯಲಿಲ್ಲ. ಟಿ.ಸಿ.ಯ ಅರ್ಜಿಯನ್ನು ತಾವೇ ತುಂಬಿಸಿ ಮಾವನ ಸಹಿ ಹಾಕಿಸಿಕೊಂಡರು. ಜೊತೆಗೆ ಹೊಸ ಶಾಲೆಯ ಟೀಚರಿಗೆಂದು ಒಂದು ಕಾಗದ ಬರೆದು, ಲಕೋಟೆ ಅಂಟಿಸದೆ ಮಾವನ ಕೈಯಲ್ಲಿಟ್ಟರು. ಅದರಲ್ಲಿ ಇದ್ದದ್ದು ಇಷ್ಟು: ಇವನ ಬಲಗಿವಿ ಸರಿಯಾಗಿ ಕೇಳಿಸುವುದಿಲ್ಲವೆಂದು ನನಗೆ ಅನಿಸಿದೆ, ಬೋರ್ಡಿಗೆ ಮುಖ ಮಾಡಿ ಹೇಳಿದ್ದು ಇವನಿಗೆ ತಲುಪುವುದಿಲ್ಲ, ಸಾಲಿನ ಬಲತುದಿಯಲ್ಲಿ ಕೂರಿಸಿ, ಅರ್ಥವಾಯಿತೇ ಎಂದು ಕೇಳಬೇಡಿ ಏಕೆಂದರೆ ತಲೆಯಾಡಿಸುತ್ತಾನೆ, ಏನು ಅರ್ಥವಾಯಿತೆಂದು ಹೇಳಿಸಿ. ಹುಡುಗ ಊಹೆಯಲ್ಲಿ ಬಹಳ ಚುರುಕು.

ಹೆಡ್‌ಮಾಸ್ಟರಿಗೆ ಸಿಟ್ಟು ಬಂತು. "ಡಿವಿಷನ್ ಹೋದರೆ ಆ ಮಾಸ್ಟ್ರಿಗೆ ನೀವು ಉತ್ತರ ಹೇಳುತ್ತೀರಾ?" ಎಂದರು. ಅವರದೂ ತಪ್ಪೆನ್ನಲಾರೆ. ಹೆಡ್‌ಮಾಸ್ಟರಾದವರು ಇಡೀ ಶಾಲೆಯ ಕಡೆಯಿಂದ ನೋಡಬೇಕು. ಟೀಚರ ಉತ್ತರವನ್ನು ಅವರ ಮಾತಿನಲ್ಲೇ ಕೊಡುತ್ತೇನೆ: "ಡಿವಿಷನ್ ಉಳಿಸಲಿಕ್ಕೆ ಮನೆಮನೆಗೆ ಹೋಗಿ ಮಕ್ಕಳನ್ನು ಕೇಳುತ್ತೇನೆ ಸಾರ್. ಇವನ ಕಿವಿಯನ್ನು ಅದಕ್ಕೆ ಬಳಸುವುದಿಲ್ಲ."

ಮಾವ ಕಾಗದವನ್ನು ಆಟೋದಲ್ಲೇ ಕುಳಿತು ಓದಿದರಂತೆ. ಟಿ.ಸಿ. ತೆಗೆದುಕೊಳ್ಳಲು ಮರುದಿನ ಬರಲಿಲ್ಲ. ಮೂರನೇ ದಿನ ಬಂದು, ಯಾವ ಡಾಕ್ಟರಿಗೆ ತೋರಿಸಬೇಕು ಎಂದು ಕೇಳಿದರು. ತಾಯಿ ಇಂದಿಗೂ ಹೇಳುವುದು, ಟಿ.ಸಿ. ಕೊಡುವುದಿಲ್ಲ ಎಂದಿದ್ದರೆ ಅಣ್ಣ ಹಟಕ್ಕೆ ಬಿದ್ದು ಒಯ್ಯುತ್ತಿದ್ದರು ಎಂದು.

ಆಸ್ಪತ್ರೆ

ಈ ಭಾಗ ಚಿಕ್ಕದು. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಕಾಸರಗೋಡಿಗೆ, ಅಲ್ಲಿಂದ ಐವತ್ತು ಕಿಲೋಮೀಟರ್ ದೂರದ ಮಂಗಳೂರಿಗೆ. ಆಶಾ ಕಾರ್ಯಕರ್ತೆ ಜೊತೆಗಿದ್ದರು. ಬಲಗಿವಿಯ ತಮಟೆಯಲ್ಲಿ ತೂತು, ಹಳೆಯ ಸೋಂಕು. ಆ ಕಿವಿಯಲ್ಲಿ ಸುಮಾರು 45 ಡೆಸಿಬೆಲ್ ನಷ್ಟ. ಎಡಗಿವಿ ಬಹುಪಾಲು ಚೆನ್ನಾಗಿತ್ತು, ಶೀತವಾದಾಗ ಅದೂ ಮಂದವಾಗುತ್ತಿತ್ತು. ಒಂದು ಮೀಟರ್ ದೂರದಿಂದ ಆಡುವ ಸಾಮಾನ್ಯ ಮಾತು ಸುಮಾರು 60 ಡೆಸಿಬೆಲ್. ದೂರ ಹೆಚ್ಚಿದಂತೆ ಅದು ಇಳಿಯುತ್ತದೆ. ಶೀಟಿನ ಮೇಲೆ ಜೂನ್ ಮಳೆ ಬೀಳುವಾಗ ಹಿಂದಿನ ಬೆಂಚಿನಲ್ಲಿ, ಶೀತ ಹಿಡಿದ ಒಂದೇ ಕಿವಿಯಿಂದ ಕೇಳುವ ಮಗುವಿಗೆ ಏನು ದಕ್ಕುತ್ತಿತ್ತೆಂದು ಯಾರಾದರೂ ಲೆಕ್ಕ ಹಾಕಬಹುದು.

ಮೊದಲು ಕಿವಿ ಒಣಗಬೇಕು, ಆಮೇಲೆ ಶಸ್ತ್ರಚಿಕಿತ್ಸೆ ಎಂದರು ವೈದ್ಯರು. ಒಣಗಿಸಲು ಔಷಧಿಯಷ್ಟೇ ಮುಖ್ಯ ನೀರು ಹೋಗದಂತೆ ನೋಡಿಕೊಳ್ಳುವುದು. ವ್ಯಾಸಲೀನ್ ಹಚ್ಚಿದ ಹತ್ತಿ ಇಟ್ಟುಕೊಂಡು ಸ್ನಾನ. ಕೆರೆಗೆ ಹಾರುವುದು ಬಂದ್. ಮಳೆಗಾಲದಲ್ಲಿ ತೋಟದ ಕೆರೆಯಲ್ಲೇ ಬೆಳೆದ ಹುಡುಗನಿಗೆ ಇದು ಸಣ್ಣ ಶಿಕ್ಷೆಯಲ್ಲ. ಮರುವರ್ಷ ಬೇಸಿಗೆ ರಜೆಯಲ್ಲಿ ತಮಟೆಗೆ ಕಸಿ ಮಾಡಿದರು. ಸೋರುವುದು ನಿಂತಿತು. ಕೇಳುವುದು ಸುಧಾರಿಸಿತು, ಪೂರ್ತಿ ಬರಲಿಲ್ಲ.

ಈ ಮಗು ಯಾವ ಪಟ್ಟಿಯಲ್ಲೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಆಗ ಜಾರಿಯಲ್ಲಿದ್ದ 1995ರ ಅಂಗವಿಕಲರ ಕಾಯ್ದೆ, ಒಳ್ಳೆಯ ಕಿವಿಯಲ್ಲಿ 60 ಡೆಸಿಬೆಲ್ ನಷ್ಟವಿದ್ದರೆ ಮಾತ್ರ ಶ್ರವಣದೋಷ ಎಂದು ಪರಿಗಣಿಸುತ್ತಿತ್ತು. 2016ರ ಕಾಯ್ದೆಯ ಲೆಕ್ಕವೂ ಎರಡೂ ಕಿವಿಗಳಲ್ಲಿ 60 ಡೆಸಿಬೆಲ್‌ನಿಂದಲೇ ಶುರು. ಒಂದು ಕಿವಿ ಕೆಟ್ಟವರಿಗೆ ಪ್ರಮಾಣಪತ್ರವಿಲ್ಲ, ವಿಶೇಷ ಶಿಕ್ಷಕರಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಗೆ ಶ್ರವಣದೋಷವೂ ಸೇರಿದೆ. ಆದರೆ ತಪಾಸಣೆಯ ದಿನ ಕಿವಿ ಒಣಗಿದ್ದು, ಎದುರು ಕುಳಿತವರ ತುಟಿ ಕಾಣುತ್ತಿದ್ದರೆ ಇಂಥ ಮಗು ಸುಲಭವಾಗಿ ದಾಟಿಹೋಗುತ್ತದೆ. ಅವನನ್ನು ದಿನವೂ ನೋಡುವವರು ತರಗತಿಯ ಟೀಚರ್ ಮಾತ್ರ.

ತರಗತಿಯೊಳಗೆ

ಆಸ್ಪತ್ರೆಯ ಕಥೆ ಹೇಳಿದರೆ ಕೇಳುವವರು ಇಲ್ಲಿಗೆ ಪ್ರಕರಣ ಮುಗಿಯಿತು ಎಂದುಕೊಳ್ಳುತ್ತಾರೆ. ನನಗೆ ಹೆಚ್ಚು ಮುಖ್ಯವೆನಿಸಿದ್ದು ತಪಾಸಣೆಗೂ ಶಸ್ತ್ರಚಿಕಿತ್ಸೆಗೂ ನಡುವಿನ ಒಂದು ವರ್ಷ. ಆರನೆಯದರಲ್ಲೂ ಅವರೇ ತರಗತಿ ಟೀಚರಾಗಿ ಮುಂದುವರಿದರು.

ಮೊದಲ ತೀರ್ಮಾನ, ಮಕ್ಕಳಿಗೆ ಹೇಳಬೇಕೇ ಬೇಡವೇ ಎಂಬುದು. ಅಸೆಂಬ್ಲಿಯಲ್ಲಿ ಹೇಳಿದರೆ ಎಲ್ಲರೂ ಸಹಕರಿಸುತ್ತಾರೆ ಎಂದು ಹೆಡ್‌ಮಾಸ್ಟರ್ ಸೂಚಿಸಿದರು. ಟೀಚರ್ ಹುಡುಗನನ್ನೇ ಕೇಳಿದರು. ಅವನು ಬೇಡ ಎಂದ. ಅಲ್ಲಿಗೆ ಮುಗಿಯಿತು. ಹಿಂದಿ, ಇಂಗ್ಲಿಷ್, ಗಣಿತದವರಿಗೆ ಒಬ್ಬೊಬ್ಬರಾಗಿ ಹೇಳಿದರು. ಅವರಲ್ಲಿ ಇಬ್ಬರು ನೆನಪಿಟ್ಟುಕೊಂಡರು, ಒಬ್ಬರು ಮರೆತರು. ಆ ವಿಷಯದಲ್ಲಿ ಅಂಕ ಏರಲಿಲ್ಲ.

ತಮ್ಮ ಪಿರಿಯಡ್‌ನಲ್ಲಿ ಅವರು ಬದಲಿಸಿದ್ದು ಹುಡುಗನನ್ನಲ್ಲ, ತಮ್ಮ ಅಭ್ಯಾಸಗಳನ್ನು. ಬೋರ್ಡಿನಲ್ಲಿ ಬರೆಯುವಾಗ ಬಾಯಿ ಮುಚ್ಚಿ ಬರೆಯುವುದು, ತಿರುಗಿ ನಿಂತ ಮೇಲೆ ಮಾತಾಡುವುದು. ಇಪ್ಪತ್ತು ವರ್ಷ ಎರಡನ್ನೂ ಒಟ್ಟಿಗೆ ಮಾಡಿದವರಿಗೆ ಇದು ಹೇಳಿದಷ್ಟು ಸುಲಭವಲ್ಲ. ಮಳೆ ಜೋರಾದರೆ ಪಾಠ ನಿಲ್ಲಿಸಿ ಎಲ್ಲರಿಗೂ ಓದುವ, ಬರೆಯುವ ಕೆಲಸ ಕೊಡುವುದು. ಒಬ್ಬ ಹುಡುಗ ಉತ್ತರ ಹೇಳಿದರೆ ಅದನ್ನು ತಾವು ಮತ್ತೊಮ್ಮೆ ಹೇಳುವುದು. ಉಕ್ತಲೇಖನವನ್ನು ಮೇಜಿನ ಹಿಂದೆ ನಿಂತು ಹೇಳದೆ ಸಾಲುಗಳ ನಡುವೆ ನಡೆಯುತ್ತ ಹೇಳುವುದು. ಪ್ರತಿ ವಾಕ್ಯ ಎರಡು ಸಲ, ಎರಡನೆಯ ಸಲದ ಹೊತ್ತಿಗೆ ಹೆಜ್ಜೆ ಅವನ ಎಡಬದಿಗೆ ಬಂದಿರುತ್ತಿತ್ತು. ವಾಕ್ಯದ ಕೊನೆಯನ್ನು ನುಂಗದೆ ಹೇಳುವುದನ್ನು ಅವರು ಮನೆಯಲ್ಲಿ ಅಭ್ಯಾಸ ಮಾಡಿದರಂತೆ.

ಇದರಿಂದ ತರಗತಿಯ ಉಳಿದ ಮಕ್ಕಳ ಉಕ್ತಲೇಖನವೂ ಸುಧಾರಿಸಿತು ಎಂದು ಟೀಚರ್ ಹೇಳುತ್ತಾರೆ. ಪುಸ್ತಕಗಳು ಈಗ ಉಳಿದಿಲ್ಲ, ಆದ್ದರಿಂದ ಅವರ ಮಾತನ್ನು ಅವರ ಮಾತಾಗಿಯೇ ಇಲ್ಲಿಡುತ್ತೇನೆ.

ವಿಚಿತ್ರವೆಂದರೆ, ಹುಡುಗನಿಗೆ ಇದು ಯಾವುದೂ ಗೊತ್ತಾಗಲಿಲ್ಲ. ಈ ಟೀಚರ ಪಾಠದ ಕ್ರಮವೇ ಹೀಗೆ ಎಂದುಕೊಂಡಿದ್ದ. ತಿಳಿದದ್ದು ಹೈಸ್ಕೂಲಿನಲ್ಲಿ, ಎಲ್ಲರೂ ಬೋರ್ಡಿನೊಡನೆ ಮಾತಾಡುವುದನ್ನು ಕಂಡಾಗ. ಆಗ ಅವನೇ ಎದ್ದು ಹೋಗಿ ಸಾಲಿನ ಬಲತುದಿ ಹಿಡಿದ, ಟೀಚರುಗಳಿಗೆ ತಾನೇ ಹೇಳಿದ. ಎಸ್.ಎಸ್.ಎಲ್.ಸಿ.ಯಲ್ಲಿ ಎ ಪ್ಲಸ್ಸುಗಳ ಸಾಲೇನೂ ಬರಲಿಲ್ಲ. ಬಿ, ಸಿ ಪ್ಲಸ್, ಕನ್ನಡಕ್ಕೆ ಎ. ಆಮೇಲೆ ಐ.ಟಿ.ಐ. ಈಗ ಮಂಗಳೂರಿನಲ್ಲಿ ಫ್ರಿಜ್ಜು, ಎ.ಸಿ. ರಿಪೇರಿಯ ಕೆಲಸ, ಕಂಪ್ರೆಸರಿನ ಸದ್ದು ನೋಡುವಾಗ ಎಡಗಿವಿ ಕೊಡುತ್ತಾನೆ.

ಸನ್ಮಾನ ಮತ್ತು ಒಂದು ಪುಟ

ಟೀಚರ್ ನಿವೃತ್ತರಾದಾಗ ಶಾಲೆಯಲ್ಲಿ ಬೀಳ್ಕೊಡುಗೆ ನಡೆಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ, ಚೌಕಟ್ಟು ಹಾಕಿಸಿದ ಸನ್ಮಾನಪತ್ರ. ಮಾತಾಡಿದವರೆಲ್ಲರೂ 'ಮಾತೃಹೃದಯಿ' ಎಂದರು. ಪ್ರೀತಿಯಿಂದಲೇ ಅಂದದ್ದು. ಆದರೆ ಸಭೆಯಲ್ಲಿದ್ದ ಹೊಸ ಶಿಕ್ಷಕರೊಬ್ಬರು ಮರುದಿನ ತಮ್ಮ ತರಗತಿಗೆ ಹೋಗಿ ಮಾಡಬಹುದಾದ ಒಂದೇ ಒಂದು ಕೆಲಸವೂ ಆ ಭಾಷಣಗಳಲ್ಲಿ ಇರಲಿಲ್ಲ. ತಾಯಿಯ ಹೃದಯ ಇದ್ದವರಿಗೆ ಇದೆ, ಇಲ್ಲದವರಿಗೆ ಇಲ್ಲ ಎಂದಾದರೆ ಕಲಿಯುವುದೇನು? ಈ ಟೀಚರ ಹೆಚ್ಚುಗಾರಿಕೆ ಹೃದಯಕ್ಕಿಂತ ಮೊದಲು ಕಣ್ಣಿನಲ್ಲಿತ್ತು. ಎರಡು ಬಗೆಯ ತಪ್ಪುಗಳನ್ನು ಬೇರೆ ಮಾಡಿ ನೋಡಿದ್ದು ಪಳಗಿದ ವೃತ್ತಿಯ ಕೆಲಸ. ಹೆಂಗಸಾದ್ದರಿಂದ ಅದಕ್ಕೆ ವಾತ್ಸಲ್ಯ ಎಂಬ ಹೆಸರು ಬಂತು. ಅದೇ ಕೆಲಸವನ್ನು ಮಾಸ್ಟ್ರೊಬ್ಬರು ಮಾಡಿದ್ದರೆ ವಿದ್ವತ್ತು ಎನ್ನುತ್ತಿದ್ದೆವು.

ಹಳೆ ವಿದ್ಯಾರ್ಥಿಗಳು ಆಮೇಲೆ ಒಂದು ಸ್ಮರಣಸಂಚಿಕೆ ತಂದರು. ಅದರಲ್ಲಿ ನಮ್ಮ ಹುಡುಗನ ಒಂದು ಪುಟ ಇದೆ. ಕವಿತೆಯಿಲ್ಲ, ವಿಶೇಷಣಗಳಿಲ್ಲ. 'ಟೀಚರ್ ಬೋರ್ಡಿನಲ್ಲಿ ಬರೆಯುವಾಗ ಮಾತಾಡುತ್ತಿರಲಿಲ್ಲ' ಎಂದು ಶುರುವಾಗಿ, ಮಾಡಿದ್ದನ್ನೆಲ್ಲ ಒಂದಾದ ಮೇಲೊಂದು ಹೇಳುತ್ತ ಹೋಗುತ್ತದೆ. ಕೊನೆಗೆ, 'ನನಗೆ ಕಿವಿ ಕೇಳುವುದಿಲ್ಲ ಎಂದು ಏಳನೇ ತರಗತಿಯವರೆಗೆ ಯಾರಿಗೂ ಗೊತ್ತಾಗಲಿಲ್ಲ, ಅದಕ್ಕೆ ಅವರೇ ಕಾರಣ' ಎಂದಿದೆ. ಸಂಪಾದಕರಿಗೆ ಅದು ಒಣಬರಹವಾಗಿ ಕಂಡಿತೋ ಏನೋ, ಕೊನೆಯ ಪುಟಗಳಲ್ಲಿ ಹಾಕಿದ್ದಾರೆ. ಇಡೀ ಸಂಚಿಕೆಯಲ್ಲಿ ಟೀಚರ್ ಮಡಿಕೆ ಮಾಡಿ ಇಟ್ಟುಕೊಂಡದ್ದು ಅದೊಂದೇ ಪುಟ. ತರಬೇತಿಯಲ್ಲಿ ನಾನು ಹಂಚುವುದೂ ಅದರ ಜೆರಾಕ್ಸನ್ನೇ.

ಇನ್ನೊಂದು ಗಮನಿಸಬೇಕು. ಟೀಚರ ನೆನಪಿನಲ್ಲಿ ಈ ಪ್ರಕರಣದ ತಿರುವು ಉಕ್ತಲೇಖನದ ವಾಕ್ಯ. ತಾಯಿಗೆ ಅದು ಟಿ.ಸಿ.ಯ ದಿನ. ಹುಡುಗನಿಗೆ ಇವೆರಡೂ ಅಲ್ಲ; ಮಕ್ಕಳಿಗೆ ಹೇಳಲೇ ಎಂದು ಟೀಚರ್ ತನ್ನನ್ನು ಕೇಳಿದ್ದು. ಅದಕ್ಕೆ ಮೊದಲು ಯಾರೂ ತನ್ನ ವಿಷಯದಲ್ಲಿ ತನ್ನನ್ನು ಕೇಳಿರಲಿಲ್ಲ ಎನ್ನುತ್ತಾನೆ. ಒಬ್ಬ ಶಿಕ್ಷಕರು ಮಾಡಿದ ಯಾವ ಕೆಲಸ ಮಗುವಿನೊಳಗೆ ಉಳಿಯುತ್ತದೆ ಎಂದು ಆ ಹೊತ್ತಿಗೆ ಶಿಕ್ಷಕರಿಗೂ ತಿಳಿಯುವುದಿಲ್ಲ.

ಭಾಷೆಯ ಮಾತಿಗೆ ಬಂದರೆ, ಈ ಪ್ರಕರಣವನ್ನು ಹಿಡಿದುಕೊಂಡು 'ನೋಡಿ, ಭಾಷೆ ತೊಡಕಲ್ಲ' ಎನ್ನುವವರಿಗೆ ನಾನು ಒಪ್ಪುವುದಿಲ್ಲ. ಮನೆಭಾಷೆಗೂ ಶಾಲೆಯ ಭಾಷೆಗೂ ಅಂತರವಿರುವ ಮಕ್ಕಳ ಕಷ್ಟ ಇಲ್ಲಿ ದಿನನಿತ್ಯದ್ದು. ಈ ಟೀಚರಿಗೆ ಕಿವಿಯ ತೊಂದರೆ ಗೊತ್ತಾದದ್ದೇ ತುಳು ಮಕ್ಕಳ ಕನ್ನಡವನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರಿಂದ. ಕನ್ನಡವನ್ನೂ ಮಕ್ಕಳ ತುಳುವನ್ನೂ ಅರಿಯದ ಶಿಕ್ಷಕರ ಕೈಗೆ ಆ ಪುಸ್ತಕ ಸಿಕ್ಕಿದ್ದರೆ ಎರಡು ತಪ್ಪುಗಳೂ ಒಂದೇ ಆಗಿ ಕಾಣುತ್ತಿದ್ದವು. ಕನ್ನಡ ಬಲ್ಲ ಶಿಕ್ಷಕರು ಬೇಕೆಂಬ ಬೇಡಿಕೆಗೆ ಇಂಥ ಒಂದು ಕಾರಣವೂ ಇದೆ ಎಂದು ಮನವಿಪತ್ರಗಳಲ್ಲಿ ಬರೆದದ್ದನ್ನು ನಾನು ಕಂಡಿಲ್ಲ.

ಇಷ್ಟು ಬರೆದು ಟೀಚರಿಗೆ ಓದಲು ಕೊಟ್ಟೆ. ಅವರು ತಿದ್ದಿದ್ದು ಒಂದೇ ಕಡೆ. "ಆಶಾ ಕಾರ್ಯಕರ್ತೆಯನ್ನು ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ಮಂಗಳೂರಿಗೆ ಪ್ರತಿಸಲ ಬಸ್ಸಿನಲ್ಲಿ ಹೋದದ್ದು ನಾನಲ್ಲ, ಅವಳು. ನನಗೆ ರಜೆ ಸಿಗುತ್ತಿರಲಿಲ್ಲ" ಎಂದರು. ಆದ್ದರಿಂದ ಸೇರಿಸುತ್ತೇನೆ: ಬ್ರಾಂಚಿನವರೊಡನೆ ಮಾತಾಡಿ, ಆಸ್ಪತ್ರೆಯ ದಿನದ ಬೀಡಿಯನ್ನು ಒಂದು ದಿನ ತಡವಾಗಿ ಕೊಡಲು ಒಪ್ಪಿಗೆ ಪಡೆದವರು ಆ ಆಶಾ ಕಾರ್ಯಕರ್ತೆ. ಒಪಿಡಿ ಚೀಟಿಗೆ ಸಾಲಿನಲ್ಲಿ ನಿಂತದ್ದು, ಮಲಯಾಳದಲ್ಲಿದ್ದ ರೆಫರಲ್ ಚೀಟಿಯನ್ನು ಮಂಗಳೂರಿನ ಕೌಂಟರಿನಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳಿದ್ದು, ಶಸ್ತ್ರಚಿಕಿತ್ಸೆಯ ಮೇಲೆ ಮಳೆಗಾಲ ಮುಗಿಯುವವರೆಗೂ ಮನೆಗೆ ಬಂದು ಹತ್ತಿ ಸರಿಯಾಗಿ ಇಟ್ಟಿದ್ದಾನೆಯೇ ಎಂದು ನೋಡಿದ್ದೂ ಅವರೇ. ಅವರಿಗೆ ಇನ್ನೂ ಯಾರೂ ಶಾಲು ಹೊದೆಸಿಲ್ಲ. ಈಗಲೂ ಅದೇ ವಾರ್ಡಿನಲ್ಲಿ ಕೆಲಸದಲ್ಲಿದ್ದಾರೆ.